‘ವಿಮಾನ ಕಟ್ಟುವ ನಮಗಾಗಿಯೂ’: ಈ ಸಾಲನ್ನು ಇಗರ್ಜಿಯಲ್ಲಿ ಓದಬೇಕೇ?

ನೇತ್ರಾವತಿ ತೀರ (ಪ್ರೆಸ್ಟನ್, ಇಂಗ್ಲೆಂಡ್) · ಭಾನುವಾರ ರಾತ್ರಿ

ಇಲ್ಲಿ ನಾನು ಬರೆಯುವುದು ಕಡಿಮೆ. ಈ ಸಲ ಸಲಹೆ ಬೇಕಾಗಿದೆ, ಅದೂ ಕನ್ನಡದಲ್ಲಿ ಯೋಚಿಸುವವರಿಂದ ಬೇಕಾಗಿದೆ.

ನಾನು ಬಂಟ್ವಾಳದ ಕಡೆಯವಳು. ಹದಿನಾಲ್ಕು ವರ್ಷಗಳಿಂದ ಲ್ಯಾಂಕಷೈರ್‌ನಲ್ಲಿ ನರ್ಸ್ ಆಗಿದ್ದೇನೆ. ನಮ್ಮ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಭಾನುವಾರದ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯನ್ನು ಸರದಿಯ ಮೇಲೆ ನಾವೇ ಬರೆದು ಓದುತ್ತೇವೆ. 2018ರಲ್ಲಿ ನನ್ನ ಸರದಿ ಬಂದಾಗ ಹೀಗೊಂದು ಸಾಲು ಬರೆದಿದ್ದೆ: “ಯೆಮನ್‌ನಲ್ಲಿ ಬಾಂಬಿಗೆ ಬಲಿಯಾಗುತ್ತಿರುವವರಿಗಾಗಿಯೂ, ಆ ಬಾಂಬುಗಳನ್ನು ಹೊತ್ತೊಯ್ಯುವ ವಿಮಾನ ಕಟ್ಟುವ ನಮಗಾಗಿಯೂ ಪ್ರಾರ್ಥಿಸೋಣ.” ಓದುವ ಮುಂಚೆ ಹಾಳೆ ನನ್ನ ಕೈಗೆ ಮರಳಿ ಬಂದಾಗ ಸಾಲಿನ ಉತ್ತರಾರ್ಧದ ಮೇಲೆ ಪೆನ್ಸಿಲ್ ಗೆರೆ ಇತ್ತು. ಪೂರ್ವಾರ್ಧವನ್ನಷ್ಟೇ ಓದಿ ಬಂದು ಕುಳಿತೆ. “ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು” ಎಂದು ಎಲ್ಲರೂ ಹೇಳಿದರು. ಉಳಿದರ್ಧ ಸಾಲು ಅಂದಿನಿಂದ ನನ್ನ ಗಂಟಲಲ್ಲೇ ಇದೆ.

ಪ್ರೆಸ್ಟನ್‌ನಿಂದ ಪಶ್ಚಿಮಕ್ಕೆ, ರಿಬಲ್ ನದಿಯ ಅಳಿವೆಯ ಪಕ್ಕದಲ್ಲಿ ವಾರ್ಟನ್ ಎಂಬ ಹಳ್ಳಿ ಇದೆ. ಬಿಎಇ ಸಿಸ್ಟಮ್ಸ್ ಕಂಪನಿಯ ಟೈಫೂನ್ ಯುದ್ಧವಿಮಾನಗಳ ಕೊನೆಯ ಜೋಡಣೆ ನಡೆಯುವುದು ಅಲ್ಲಿ. ಸೌದಿ ಅರೇಬಿಯ 2007ರಲ್ಲಿ 72 ಟೈಫೂನ್‌ಗಳಿಗೆ ಒಪ್ಪಂದ ಮಾಡಿಕೊಂಡಿತ್ತು. 2015ರ ಮಾರ್ಚ್‌ನಿಂದ ಯೆಮನ್ ಮೇಲೆ ಸೌದಿ ಕೂಟ ನಡೆಸಿದ ವಾಯುದಾಳಿಗಳಲ್ಲಿ ಆ ವಿಮಾನಗಳೂ ಹಾರಿದವು. 2021ರ ಕೊನೆಯ ವೇಳೆಗೆ ಆ ಯುದ್ಧ 3,77,000 ಜೀವಗಳನ್ನು ತೆಗೆದುಕೊಂಡಿತೆಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜು ಮಾಡಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತದ್ದು ಹಸಿವಿನಿಂದ, ರೋಗದಿಂದ, ಆಸ್ಪತ್ರೆ ಇಲ್ಲದೆ. ನಾನು ಮಕ್ಕಳ ವಾರ್ಡಿನಲ್ಲಿ ದುಡಿಯುವವಳು. ಒಂದು ಬಾಟಲಿ ಡ್ರಿಪ್ ಇಲ್ಲದೆ ಕಾಲರಾದಲ್ಲಿ ಮಗು ಹೇಗೆ ಸಾಯುತ್ತದೆ ಎಂಬುದನ್ನು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಗೆರೆ ಎಳೆಯಲು ಕೇಳಿಕೊಂಡವರು ನಮ್ಮಲ್ಲೇ ಒಬ್ಬ ಹಿರಿಯರು, ಮೂವತ್ತು ವರ್ಷ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಎಂದು ಆಮೇಲೆ ತಿಳಿಯಿತು. ಒಳ್ಳೆಯ ಮನುಷ್ಯರು. ನಾನು ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಮನೆಯ ಹೀಟರ್ ಕೆಟ್ಟಾಗ ರಾತ್ರಿ ಬಂದು ಸರಿಮಾಡಿಕೊಟ್ಟವರು ಅವರೇ.

ಇನ್ನೆರಡು ವಾರಕ್ಕೆ ಮತ್ತೆ ನನ್ನ ಸರದಿ. 2022ರ ಏಪ್ರಿಲ್‌ನ ಕದನವಿರಾಮದ ನಂತರ ಸೌದಿ ಕೂಟದ ದಾಳಿಗಳು ಬಹುಮಟ್ಟಿಗೆ ನಿಂತಿವೆ. ಆದರೆ ಮಾರಾಟ ನಿಂತಿಲ್ಲ. 2025ರ ಅಕ್ಟೋಬರ್‌ನಲ್ಲಿ ತುರ್ಕಿಯೊಂದಿಗೆ 20 ಟೈಫೂನ್‌ಗಳಿಗೆ 8 ಶತಕೋಟಿ ಪೌಂಡ್‌ಗಳ ಒಪ್ಪಂದವಾಯಿತು. ಕೆಲಸ ಉಳಿಯಿತಲ್ಲ ಎಂದು ಊರು ನಿಟ್ಟುಸಿರು ಬಿಟ್ಟಿತು, ಆ ನಿಟ್ಟುಸಿರು ನನಗೂ ಅರ್ಥವಾಗುತ್ತದೆ. ಆ ಸಾಲನ್ನು ಈ ಸಲ ಪೂರ್ತಿ ಓದಬೇಕೇ? ಓದಿದರೆ ಹೇಗೆ ಓದಬೇಕು?

ಮೈಸೂರು ಓದುಗ · ಸೋಮವಾರ ಬೆಳಿಗ್ಗೆ

ಮೇಡಂ, ನಾನು ಕ್ರೈಸ್ತನಲ್ಲ. ಆದರೂ ನಿಮ್ಮ ಬರಹ ಓದಿ ಸುಮ್ಮನಿರಲಾಗಲಿಲ್ಲ. ಒಂದು ಕಟುವಾದ ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಜಗತ್ತಿನಲ್ಲಿ ಅತಿ ಹೆಚ್ಚು ಶಸ್ತ್ರ ಮಾರುವ ಅಮೆರಿಕ, ಫ್ರಾನ್ಸ್, ರಷ್ಯಾ, ಜರ್ಮನಿ, ಇಟಲಿ, ಬ್ರಿಟನ್ ಎಲ್ಲವೂ ಚರ್ಚುಗಳ ಗೋಪುರ ತುಂಬಿದ ದೇಶಗಳು. ರಷ್ಯಾದ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥ ಕಿರಿಲ್ ಉಕ್ರೇನ್ ಯುದ್ಧಕ್ಕೆ ಧರ್ಮದ ಸಮರ್ಥನೆಯನ್ನೇ ಕೊಟ್ಟರು. ಹೀಗಿರುವಾಗ ಪ್ರಾರ್ಥನೆಯ ಒಂದು ಸಾಲು ಏನು ಮಾಡೀತು? ಪ್ರಾರ್ಥನೆಯಾಚೆಗೆ ಏನನ್ನಾದರೂ ಮಾಡಿದ ಕ್ರೈಸ್ತರು ಇದ್ದಾರೆಯೇ? ಇದ್ದರೆ ತಿಳಿದುಕೊಳ್ಳಬೇಕೆಂಬ ಆಸೆಯಿಂದಲೇ ಕೇಳುತ್ತಿದ್ದೇನೆ.

ಬೆಟಗೇರಿ ಗಂಟೆ · ಸೋಮವಾರ ಸಂಜೆ

ನಾನು ಸಭಾಪಾಲಕ. ಬಾಸೆಲ್ ಮಿಷನ್ ಕಾಲದ ಒಂದು ಹಳೆಯ ಸಭೆಯಲ್ಲಿ ಬೆಳೆದವನು. ಓದುಗರು ಕೇಳಿದ ಪ್ರಶ್ನೆಗೆ ಉತ್ತರವಿದೆ, ಅದು ಸ್ವಲ್ಪ ಉದ್ದವಾದೀತು.

ಮೊದಲು ಒಂದು ಪದದಿಂದ ಶುರುಮಾಡುತ್ತೇನೆ. ಪ್ರವಾದಿ ಯೆಶಾಯನ ಎರಡನೆಯ ಅಧ್ಯಾಯದಲ್ಲಿ ಜನಾಂಗಗಳು ಕತ್ತಿಗಳನ್ನು ಬಡಿದು ನೇಗಿಲಿನ ಗುಳ ಮಾಡಿಕೊಳ್ಳುವ ದಿನದ ಮಾತು ಬರುತ್ತದೆ. ಗುಳ ಎಂಬ ಪದ ನಮ್ಮ ಕಡೆಯ ರೈತರ ಪದ. ಮುಂಗಾರಿಗೆ ಮುಂಚೆ ಕುಲುಮೆಯ ಎದುರು ಮೊಂಡಾದ ಗುಳ ಹಿಡಿದು ಕುಳಿತವರನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಅದೇ ಕಮ್ಮಾರ ಮಚ್ಚನ್ನೂ ಮಾಡುತ್ತಿದ್ದ, ಗುಳವನ್ನೂ ತಟ್ಟುತ್ತಿದ್ದ. ಪ್ರವಾದಿ ಕಮ್ಮಾರನನ್ನು ಓಡಿಸುವುದಿಲ್ಲ, ಅವನ ಸುತ್ತಿಗೆಗೆ ಬೇರೆ ಕೆಲಸ ಕೊಡುತ್ತಾನೆ. ಸಹೋದರಿ, ನಿಮ್ಮ ಆ ಹಿರಿಯರ ವಿಷಯ ಓದಿದಾಗ ನನಗೆ ಮೊದಲು ನೆನಪಾದದ್ದು ಇದು.

ಆ ವಚನವನ್ನು ಅಕ್ಷರಶಃ ಹಿಡಿದುಕೊಂಡವರು ಇದ್ದಾರೆ. 1980ರ ಸೆಪ್ಟೆಂಬರ್ 9ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಂಟು ಜನ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಯೊಳಗೆ ಹೋಗಿ ಪರಮಾಣು ಕ್ಷಿಪಣಿಯ ಮೂತಿಯ ಶಂಕುಗಳನ್ನು ಸುತ್ತಿಗೆಯಿಂದ ಬಡಿದರು. ಅವರಲ್ಲಿ ಯೇಸುಸಭೆಯ ಗುರು ಡೇನಿಯಲ್ ಬೆರಿಗನ್ ಮತ್ತು ಅವರ ತಮ್ಮ ಫಿಲಿಪ್ ಇದ್ದರು. ಅಲ್ಲಿಂದ ಹುಟ್ಟಿದ ಚಳವಳಿಯ ಹೆಸರೇ ನೇಗಿಲ ಗುಳ. ಅವರದು ಎರಡು ಕಟ್ಟುಪಾಡು: ಯಾರ ಮೈಗೂ ನೋವಾಗಬಾರದು, ಮಾಡಿದ ಮೇಲೆ ಓಡಿಹೋಗಬಾರದು.

ಈಗ ನಿಮ್ಮ ವಾರ್ಟನ್‌ಗೇ ಬರೋಣ. 1996ರ ಜನವರಿ 29ರ ಬೆಳಗಿನ ಜಾವ ಮೂವರು ಹೆಂಗಸರು ಅಲ್ಲಿನ ಹ್ಯಾಂಗರ್ ಒಳಗೆ ಹೋದರು. ಇಂಡೊನೇಷ್ಯಕ್ಕೆ ಹೊರಡಲಿದ್ದ ಒಂದು ಹಾಕ್ ವಿಮಾನ, ತರಬೇತಿಗೂ ದಾಳಿಗೂ ಬಳಸುವ ಜೆಟ್, ಅಲ್ಲಿ ನಿಂತಿತ್ತು. 1975ರಲ್ಲಿ ಪೂರ್ವ ತಿಮೋರನ್ನು ಆಕ್ರಮಿಸಿದ ಇಂಡೊನೇಷ್ಯದ ಆಳ್ವಿಕೆಯಲ್ಲಿ ಕನಿಷ್ಠ ಒಂದು ಲಕ್ಷ ಜನ ಪ್ರಾಣ ಕಳೆದುಕೊಂಡಿದ್ದರು. 1991ರಲ್ಲಿ ದಿಲಿ ನಗರದ ಸಾಂತಾ ಕ್ರೂಜ್ ಸ್ಮಶಾನದಲ್ಲಿ ಸ್ಮರಣೆಯ ಮೆರವಣಿಗೆಯಲ್ಲಿ ಬಂದವರ ಮೇಲೆ ಸೈನಿಕರು ಗುಂಡು ಹಾರಿಸಿದ್ದರು. ಆ ಹೆಂಗಸರು ಸಂಸದರಿಗೆ ಬರೆದು, ಕಾರ್ಖಾನೆಯ ಬಾಗಿಲಲ್ಲಿ ನಿಂತು, ಎಲ್ಲ ದಾರಿಗಳೂ ಮುಚ್ಚಿದ ಮೇಲೆ ಸುತ್ತಿಗೆ ಹಿಡಿದರು. ಸುಮಾರು 15 ಲಕ್ಷ ಪೌಂಡ್ ನಷ್ಟ. ಯಾರೂ ಹಿಡಿಯಲು ಬರದಿದ್ದಾಗ ಅವರೇ ಒಳಗಿನಿಂದ ಫೋನ್ ಮಾಡಿ, ನಾವು ಇಲ್ಲಿದ್ದೇವೆ ಎಂದರು. ಯೋಜನೆಯಲ್ಲಿ ಪಾಲಿದ್ದ ನಾಲ್ಕನೆಯವರನ್ನು ಆಮೇಲೆ ಬಂಧಿಸಿದರು. ಆರು ತಿಂಗಳು ಸೆರೆಯಲ್ಲಿದ್ದ ನಾಲ್ವರನ್ನೂ ಲಿವರ್‌ಪೂಲ್ ನ್ಯಾಯಾಲಯದ ಜ್ಯೂರಿ ಅದೇ ವರ್ಷದ ಜುಲೈನಲ್ಲಿ ನಿರ್ದೋಷಿಗಳೆಂದು ಬಿಟ್ಟಿತು. ದೊಡ್ಡ ಅಪರಾಧವನ್ನು ತಡೆಯಲು ವಿಮಾನ ಒಡೆದೆವು ಎಂಬ ವಾದವನ್ನು ಆ ಊರಿನ ಸಾಮಾನ್ಯ ಜನ ಒಪ್ಪಿಕೊಂಡರು. ಆ ಗುಂಪಿನವರ ನಂಬಿಕೆಗಳು ಬೇರೆಬೇರೆ ಇದ್ದವು. ಹಿಡಿದ ಸುತ್ತಿಗೆ ಮಾತ್ರ ಯೆಶಾಯನದು.

ಸರಿಯಾಗಿ 21 ವರ್ಷಗಳ ನಂತರ, 2017ರ ಜನವರಿ 29ರಂದು, ಯುದ್ಧವನ್ನೇ ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಸ್ಯಾಮ್ ವಾಲ್ಟನ್ ಮತ್ತು ಲೀಡ್ಸ್‌ನ ಮೆಥಡಿಸ್ಟ್ ಪಾದ್ರಿ ಡ್ಯಾನ್ ವುಡ್‌ಹೌಸ್ ಅದೇ ವಾರ್ಟನ್‌ಗೆ ಹೋದರು. ಸೌದಿಗೆ ಹೋಗಲಿದ್ದ ಟೈಫೂನ್‌ಗಳನ್ನು ನಿಷ್ಕ್ರಿಯಗೊಳಿಸುವುದು ಅವರ ಉದ್ದೇಶ. ವಿಮಾನಗಳಿಂದ ಕೆಲವೇ ಅಡಿ ದೂರದಲ್ಲಿ ಸಿಕ್ಕಿಬಿದ್ದರು. ಅದೇ ಅಕ್ಟೋಬರ್‌ನಲ್ಲಿ ಬರ್ನ್‌ಲಿಯ ನ್ಯಾಯಾಧೀಶರು ಅವರನ್ನು ಖುಲಾಸೆಗೊಳಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಎಕ್ಸೆಲ್ ಕೇಂದ್ರದಲ್ಲಿ ಶಸ್ತ್ರಾಸ್ತ್ರ ಮೇಳಕ್ಕೆ ಸಿದ್ಧತೆ ನಡೆದಿದ್ದಾಗ ನಾಲ್ವರು ಕ್ರೈಸ್ತ ಕಾರ್ಯಕರ್ತರು ರಸ್ತೆಗೆ ಅಡ್ಡ ಮಲಗಿದರು. ಪೊಲೀಸರು ಅವರನ್ನು ಬಿಡಿಸಿ ಎಬ್ಬಿಸಲು ಒಂದೂವರೆ ಗಂಟೆ ಬೇಕಾಯಿತು. ಆ ಮೊಕದ್ದಮೆ ಮೆಟ್ಟಿಲೇರುತ್ತಾ ಹೋಗಿ 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅವರ ಬಿಡುಗಡೆಯನ್ನು ಎತ್ತಿಹಿಡಿಯಿತು.

ಎಲ್ಲವೂ ಗೆಲುವಲ್ಲ, ಅದನ್ನೂ ಹೇಳಬೇಕು. 1974ರಲ್ಲಿ ಕ್ವೇಕರರು, ಕಥೋಲಿಕ ಶಾಂತಿ ಸಂಘಟನೆ ಪಾಕ್ಸ್ ಕ್ರಿಸ್ತಿ ಮುಂತಾದವರು ಸೇರಿ ಕಟ್ಟಿದ ಶಸ್ತ್ರವ್ಯಾಪಾರ ವಿರೋಧಿ ಸಂಘಟನೆ ಸರಕಾರವನ್ನು ನ್ಯಾಯಾಲಯಕ್ಕೆ ಎಳೆದು 2019ರ ಜೂನ್ 20ರಂದು ಗೆದ್ದಿತು. ಸೌದಿಯ ಹಿಂದಿನ ದಾಳಿಗಳು ಯುದ್ಧನಿಯಮ ಮುರಿದವೇ ಎಂದು ತೂಗಿ ನೋಡದೆ ಪರವಾನಗಿ ಕೊಟ್ಟದ್ದು ತಪ್ಪು ಎಂಬುದು ಆ ತೀರ್ಪು. ಒಂದು ವರ್ಷ ಕಳೆದ ಮೇಲೆ ಸರಕಾರ, ಅವು ಬಿಡಿ ಘಟನೆಗಳು ಎಂದು ಹೇಳಿ ಮತ್ತೆ ಪರವಾನಗಿ ತೆರೆಯಿತು. ಎರಡನೆಯ ಮೊಕದ್ದಮೆ 2023ರಲ್ಲಿ ಸೋತಿತು. ‘ಬಿಡಿ ಘಟನೆ’ ಎಂಬ ಆ ಎರಡು ಪದಗಳನ್ನು ನಾನು ಇವತ್ತಿಗೂ ನುಂಗಿಕೊಳ್ಳಲಾರೆ.

ಹಳೆಯ ಫಿಟ್ಟರ್ (ಬೆಂಗಳೂರು) · ಸೋಮವಾರ ರಾತ್ರಿ

ಅಯ್ಯನವರು ಹಾಕ್ ವಿಮಾನದ ಹೆಸರು ಎತ್ತಿದ್ದರಿಂದ ನಾನು ಬರೆಯಲೇಬೇಕಾಗಿದೆ. ನಾನು ಎಚ್‌ಎಎಲ್‌ನಿಂದ ನಿವೃತ್ತನಾದವನು. ನಮ್ಮ ಕೈಯಲ್ಲಿ ಹಾಕ್ ಕಟ್ಟಿದ್ದೇವೆ.

2004ರಲ್ಲಿ ಭಾರತ 66 ಹಾಕ್ ತರಬೇತಿ ವಿಮಾನಗಳಿಗೆ ಸಹಿ ಹಾಕಿತು. 24 ಬ್ರಿಟನ್‌ನಿಂದ ಸಿದ್ಧವಾಗಿ ಬಂದವು, 42 ಬೆಂಗಳೂರಿನಲ್ಲಿ ಆದವು. ಆಮೇಲೆ ಇನ್ನೂ ಬಂತು. ಇವತ್ತು ಬೀದರಿನ ಆಕಾಶದಲ್ಲಿ ಹುಡುಗರು ಕಲಿಯುವುದು ಆ ವಿಮಾನದಲ್ಲೇ, ಸೂರ್ಯಕಿರಣ ತಂಡ ಹಾರಿಸುವುದೂ ಅದನ್ನೇ. ಅದಕ್ಕೆ ಮುಂಚೆ ಏನಾಗುತ್ತಿತ್ತು ಗೊತ್ತೇ? ನಡುವಿನ ಹಂತದ ಒಳ್ಳೆಯ ಜೆಟ್ ತರಬೇತಿ ಇಲ್ಲದೆ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು ನೇರವಾಗಿ ಮಿಗ್-21 ಏರಬೇಕಾಗಿತ್ತು. ಎಷ್ಟೋ ಹುಡುಗರು ಹಿಂದಿರುಗಲಿಲ್ಲ. ಹಾಕ್ ಬೇಕೆಂದು ವಾಯುಪಡೆ ಇಪ್ಪತ್ತು ವರ್ಷ ಕಾದಿತ್ತು. ಹಾಗಾಗಿ ಆ ವಿಮಾನದ ರೆಕ್ಕೆಗೆ ರಿವೆಟ್ ಹೊಡೆದ ದಿನಗಳಲ್ಲಿ ನಾನು ಜೀವ ಉಳಿಸುವ ಕೆಲಸ ಮಾಡುತ್ತಿದ್ದೇನೆಂದೇ ನಂಬಿದ್ದೆ. ಈಗಲೂ ನಂಬುತ್ತೇನೆ.

ಅದೇ ಕುಲದ ವಿಮಾನ ತಿಮೋರಿನವರಿಗೆ ಏನಾಗಿತ್ತು ಎಂಬುದು ನನಗೆ ತಿಳಿದದ್ದು ತಡವಾಗಿ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ರಿವೆಟ್ ಒಂದೇ, ರೆಕ್ಕೆ ಒಂದೇ. ಯಾರ ಕೈಗೆ, ಯಾವ ಯುದ್ಧದ ನಡುವೆ ಕೊಟ್ಟರು ಎಂಬುದರಲ್ಲೇ ಎಲ್ಲವೂ ಇದೆ. ಅದನ್ನು ತೀರ್ಮಾನಿಸುವವನು ಫಿಟ್ಟರ್ ಅಲ್ಲ. ಹಾಗೆಂದು ಫಿಟ್ಟರ್‌ಗೆ ಅದು ಸಂಬಂಧವಿಲ್ಲವೇ?

ನಮ್ಮ ಕೆಲಸದಲ್ಲಿ ಒಂದು ಬೋಲ್ಟಿಗೂ ಕಾಗದ ಇರುತ್ತದೆ. ಯಾವ ಲೋಹ, ಯಾವ ತಂಡ, ಯಾರು ಬಿಗಿದರು, ಯಾರು ಪರೀಕ್ಷಿಸಿ ಸಹಿ ಹಾಕಿದರು, ಎಲ್ಲ ಇರುತ್ತದೆ. ವಿಮಾನ ಬಿದ್ದರೆ ಆ ಕಾಗದ ಹಿಡಿದು ನಮ್ಮ ಬಾಗಿಲಿಗೆ ಬರುತ್ತಾರೆ, ಬರಲೇಬೇಕು. ವಿಮಾನ ತಾನು ಬೀಳದೆ ಇನ್ನೊಂದನ್ನು ಬೀಳಿಸಿದಾಗ ಮಾತ್ರ ಯಾರೂ ಆ ಕಾಗದ ಹಿಡಿದು ಬರುವುದಿಲ್ಲ. ನನ್ನನ್ನು ಕಾಡುವುದು ಇಷ್ಟೇ.

ಇದು ಬರೀ ಬಿಳಿಯರ ದೇಶದ ಪ್ರಶ್ನೆ ಎಂದು ಯಾರೂ ತಿಳಿಯಬಾರದು. ನನ್ನ ಕಾಲದಲ್ಲಿ ನಾವು ಕೊಳ್ಳುವವರಾಗಿದ್ದೆವು. ಈಗ ಮಾರುವವರೂ ಆಗಿದ್ದೇವೆ. 2024-25ರಲ್ಲಿ ಭಾರತದ ರಕ್ಷಣಾ ರಫ್ತು 23,622 ಕೋಟಿ ರೂಪಾಯಿ. ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ನಡೆದಾಗ ಮೊಮ್ಮಕ್ಕಳನ್ನು ಕರೆದುಕೊಂಡು ತಾರಸಿ ಹತ್ತಿ ನೋಡುತ್ತೇನೆ, ಹೆಮ್ಮೆಯೂ ಆಗುತ್ತದೆ. ತಂಗೀ, ಆ ಹಿರಿಯರ ಮೇಲೆ ಕೋಪ ಇಟ್ಟುಕೊಳ್ಳಬೇಡ. ಸಾಲನ್ನು ಓದುವ ಮುಂಚೆ ಅವರ ಮನೆಗೆ ಹೋಗಿ ಮಾತಾಡು.

ಸ್ಟುಟ್‌ಗಾರ್ಟ್ ಕನ್ನಡಿಗ · ಮಂಗಳವಾರ

ಒಂದು ಭಿನ್ನಮತ ದಾಖಲಿಸಬೇಕಾಗಿದೆ. ಇಲ್ಲಿಯ ತನಕ ಎಲ್ಲರೂ ಯೆಶಾಯನನ್ನೇ ಓದಿದಿರಿ. ಅದೇ ಬೈಬಲಿನಲ್ಲಿ ಯೋವೇಲನಿದ್ದಾನೆ. ಅವನ ಮೂರನೆಯ ಅಧ್ಯಾಯದಲ್ಲಿ ಮಾತು ತಿರುವುಮುರುವು: ಗುಳಗಳನ್ನು ಬಡಿದು ಕತ್ತಿ ಮಾಡಿರಿ ಎಂಬ ಕರೆ. ಉಕ್ರೇನಿನವರು 2022ರ ಫೆಬ್ರುವರಿಯಿಂದ ಬದುಕುತ್ತಿರುವುದು ಯೋವೇಲನ ಅಧ್ಯಾಯದಲ್ಲಿ. ನಮ್ಮ ಬೀದಿಯಲ್ಲೇ ಹಾರ್ಕಿವ್‌ನಿಂದ ಬಂದ ತಾಯಿ ಮತ್ತು ಮಗಳು ಇದ್ದಾರೆ. “ಶಸ್ತ್ರ ಕಳಿಸಬೇಡಿ” ಎಂಬ ಫಲಕ ಹಿಡಿದ ಚರ್ಚಿನವರ ಮೆರವಣಿಗೆ ಹೋದಾಗ ಆ ತಾಯಿ ಕಿಟಕಿ ಮುಚ್ಚಿಕೊಂಡರು. ಆಕೆಯ ಮುಖ ನೋಡಿ ನನಗೆ ಮೆರವಣಿಗೆಯವರ ಜೊತೆ ನಿಲ್ಲಲಾಗಲಿಲ್ಲ.

ಜರ್ಮನಿಯ ಪ್ರೊಟೆಸ್ಟೆಂಟ್ ಸಭೆ ಈ ವಿಷಯದಲ್ಲಿ ಸೀಳಿಹೋಯಿತು. ಅದರ ಶಾಂತಿ ಪ್ರತಿನಿಧಿಯಾಗಿದ್ದ ಬಿಷಪ್ ಫ್ರೀಡ್ರಿಷ್ ಕ್ರಾಮರ್ ಉಕ್ರೇನಿಗೆ ಶಸ್ತ್ರ ಕೊಡುವುದನ್ನು ವಿರೋಧಿಸಿದರು. ಆಗಿನ ಅಧ್ಯಕ್ಷೆ ಆನೆಟ್ ಕುರ್ಶುಸ್ ಆತ್ಮರಕ್ಷಣೆಗೆ ನೆರವು ಸಮರ್ಥನೀಯ ಎಂದರು. ಇಬ್ಬರೂ ಒಂದೇ ಪ್ರಾರ್ಥನಾ ಪುಸ್ತಕದವರು. ಕ್ರಾಮರ್ ಹಳೆಯ ಪೂರ್ವ ಜರ್ಮನಿಯವರು. 1980ರ ದಶಕದ ಆರಂಭದಲ್ಲಿ ‘ಕತ್ತಿಯಿಂದ ಗುಳ’ ಎಂಬ ಬಟ್ಟೆಯ ಚೂರನ್ನು ಅಂಗಿಯ ಮೇಲೆ ಹೊಲಿದುಕೊಂಡಿದ್ದಕ್ಕೆ ಅಲ್ಲಿ ಹುಡುಗರನ್ನು ಶಾಲೆಯಿಂದ ಹೊರಹಾಕುತ್ತಿದ್ದರು. ಆ ನೆನಪಿನ ಬೆಲೆ ನನಗೆ ಗೊತ್ತು, ಅದಕ್ಕೇ ಅವರ ಮಾತನ್ನು ಸುಲಭವಾಗಿ ತಳ್ಳಿಹಾಕುವುದಿಲ್ಲ. ಆದರೂ ಒಪ್ಪುವುದಿಲ್ಲ.

ನನ್ನ ವಿಂಗಡಣೆ ಇದು. ಮನೆಗೆ ನುಗ್ಗಿದವನನ್ನು ತಡೆಯುವವನಿಗೆ ಕೊಡುವುದು ಬೇರೆ, ಲಾಭಕ್ಕಾಗಿ ನುಗ್ಗುವವನಿಗೆ ಮಾರುವುದು ಬೇರೆ. ಎರಡನೆಯದರ ವಿರುದ್ಧ ನಾನೂ ಬೀದಿಗಿಳಿದಿದ್ದೇನೆ. ನಮ್ಮ ರಾಜ್ಯದ ಓಬರ್ನ್‌ಡಾರ್ಫ್ ಎಂಬ ಪುಟ್ಟ ಊರಿನ ಹೆಕ್ಲರ್ ಅಂಡ್ ಕೋಖ್ ಕಂಪನಿಯ ಬಂದೂಕುಗಳು ಮೆಕ್ಸಿಕೋದ ನಿಷಿದ್ಧ ಪ್ರಾಂತಗಳಿಗೆ ಹೋದವು. ಶಾಂತಿ ಕಾರ್ಯಕರ್ತ ಯುರ್ಗನ್ ಗ್ರೆಸ್ಲಿನ್ 2010ರಲ್ಲಿ ಕೊಟ್ಟ ದೂರು 2019ರಲ್ಲಿ ಇಲ್ಲಿಯ ನ್ಯಾಯಾಲಯದಲ್ಲಿ ಶಿಕ್ಷೆಯಾಗಿ ಮುಗಿಯಿತು. ಕಂಪನಿಯಿಂದ 37 ಲಕ್ಷ ಯೂರೊ ಮುಟ್ಟುಗೋಲಿಗೆ ಆದೇಶ. ಒಂಬತ್ತು ವರ್ಷ ಅದರ ಹಿಂದೆ ಬಿದ್ದವರಲ್ಲಿ ಪಾಕ್ಸ್ ಕ್ರಿಸ್ತಿಯವರಿದ್ದರು, ಊರೂರಿನ ಚರ್ಚಿನ ಗುಂಪುಗಳಿದ್ದವು.

ಬೆಟಗೇರಿ ಗಂಟೆ · ಮಂಗಳವಾರ ರಾತ್ರಿ

ತಮ್ಮಾ, ನಿಮ್ಮ ಕಿಟಕಿಯ ತಾಯಿಯನ್ನು ನಾನು ಮರೆಯುವುದಿಲ್ಲ. ಆಕೆಗೆ ಕೊಡಲು ನನ್ನ ಬಳಿ ಪ್ರಸಂಗ ಇಲ್ಲ. ಆದರೆ ಒಂದು ಆತಂಕ ಹೇಳುತ್ತೇನೆ. ‘ತಡೆಯುವವನು’ ಎಂಬ ಪದವನ್ನು ಮಾರುವವರು ಯಾವಾಗಲೂ ಬಳಸುತ್ತಾರೆ. ಸೌದಿಗೆ ಮಾರುವಾಗಲೂ ಆ ದೇಶದ ರಕ್ಷಣೆಯ ಹೆಸರೇ ಮುಂದಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅಮೆರಿಕದ ಸಂಸತ್ತಿನಲ್ಲಿ ನಿಂತು, ಜನರನ್ನು ನರಳಿಸುವವರಿಗೆ ಶಸ್ತ್ರ ಮಾರುವುದು ಏತಕ್ಕೆ ಎಂದು ಕೇಳಿ, ಹಣಕ್ಕಾಗಿ, ರಕ್ತದಲ್ಲಿ ತೊಯ್ದ ಹಣಕ್ಕಾಗಿ ಎಂದು ತಾವೇ ಉತ್ತರಿಸಿದರು. ಆ ಸಭೆಯಲ್ಲಿ ಕುಳಿತಿದ್ದವರೇ ಮಾರಾಟಕ್ಕೆ ಒಪ್ಪಿಗೆ ಕೊಡುವವರು.

ಸುರತ್ಕಲ್–ಜಿಝಾನ್ · ಬುಧವಾರ

ಅಕ್ಕಾ, ನಾನು ಬ್ಯಾರಿ ಮುಸ್ಲಿಮ, ಸುರತ್ಕಲ್‌ನವನು. ಸೌದಿಯ ಜಿಝಾನ್‌ನಲ್ಲಿ ಒಂಬತ್ತು ವರ್ಷ ಇದ್ದೆ. ಯೆಮನ್ ಗಡಿ ಅಲ್ಲಿಂದ ದೂರವಿಲ್ಲ. ಸೌದಿ ಕೂಟ ಹೋರಾಡುತ್ತಿದ್ದ ಯೆಮನ್‌ನ ಬಂಡುಕೋರರಾದ ಹೂತಿಗಳ ಶೆಲ್ಲು, ಕ್ಷಿಪಣಿ, ಡ್ರೋನ್ ನಮ್ಮ ಕಡೆಗೂ ಬರುತ್ತಿದ್ದವು. ರಾತ್ರಿ ಆಕಾಶದಲ್ಲಿ ಸದ್ದಾದಾಗ ನಮ್ಮ ಕೋಣೆಯ ಆರು ಜನ ಗೋಡೆಗೆ ಒರಗಿ ಕುಳಿತು ದುವಾ ಮಾಡುತ್ತಿದ್ದೆವು. ನಾನು ಉಂಡ ಅನ್ನ ಆ ದೇಶದ್ದು, ಅದನ್ನು ಬಯ್ಯಲು ಬಂದಿಲ್ಲ. ಕೆಳಗೆ ಕುಳಿತವನಿಗೆ ಮೇಲಿನಿಂದ ಬರುವುದು ಯಾರದ್ದಾದರೂ ಒಂದೇ ಎಂದು ಹೇಳಲು ಬಂದೆ.

2022ರ ಜನವರಿ 17ರಂದು ಹೂತಿಗಳು ಅಬುಧಾಬಿಯ ಮೇಲೆ ದಾಳಿ ಮಾಡಿದಾಗ ಸತ್ತವರು ಮೂವರು. ಇಬ್ಬರು ಭಾರತೀಯರು, ಒಬ್ಬ ಪಾಕಿಸ್ತಾನಿ. ಮೂವರೂ ನಮ್ಮಂತೆ ದುಡಿಯಲು ಹೋದವರು. ನಾಲ್ಕೇ ದಿನ ಕಳೆದು, 21ರಂದು, ಯೆಮನ್‌ನ ಸಾದಾದಲ್ಲಿ ಒಂದು ಬಂದೀಖಾನೆಯ ಮೇಲೆ ಬಾಂಬು ಬಿದ್ದು 80ಕ್ಕೂ ಹೆಚ್ಚು ಜನ ಸತ್ತರು. ಅಬುಧಾಬಿಯ ಆ ಇಬ್ಬರ ಸಾವಿಗೆ ಊರಿನಲ್ಲಿ ನಾವೆಲ್ಲ ಅತ್ತೆವು. ಸಾದಾದವರ ಸುದ್ದಿ ಊರಿಗೆ ಬರಲೇ ಇಲ್ಲ. ನಿಮ್ಮ ಪ್ರಾರ್ಥನೆಯಲ್ಲಿ ಸಾಧ್ಯವಾದರೆ ಎರಡೂ ಕಡೆಯವರನ್ನು ಸೇರಿಸಿ ಅಕ್ಕಾ.

ನೇತ್ರಾವತಿ ತೀರ · ಬುಧವಾರ ರಾತ್ರಿ

ಎಲ್ಲರ ಮಾತುಗಳನ್ನೂ ಎರಡೆರಡು ಸಲ ಓದಿದೆ. ಜಿಝಾನ್ ತಮ್ಮ, ನಿನ್ನ ಮಾತು ಓದುವಾಗ ಏಡನ್‌ನ ನೆನಪಾಯಿತು. 2016ರ ಮಾರ್ಚ್ 4ರಂದು ಅಲ್ಲಿ ಮದರ್ ತೆರೆಸಾ ಅವರ ಸಭೆಯ ವೃದ್ಧಾಶ್ರಮಕ್ಕೆ ಬಂದೂಕುಧಾರಿಗಳು ನುಗ್ಗಿ ನಾಲ್ವರು ಸಿಸ್ಟರ್‌ಗಳೂ ಸೇರಿ 16 ಜನರನ್ನು ಕೊಂದರು. ಸಲೇಶಿಯನ್ ಸಭೆಯ ಬೆಂಗಳೂರು ಪ್ರಾಂತಕ್ಕೆ ಸೇರಿದ ಫಾದರ್ ಟಾಮ್ ಉಝುನ್ನಾಲಿಲ್ ಅವರನ್ನು ಹೊತ್ತೊಯ್ದರು. ಒಂದೂವರೆ ವರ್ಷ ನಮ್ಮ ಬಂಟ್ವಾಳದ ಮನೆಯಲ್ಲಿ ಅಮ್ಮ ಪ್ರತಿ ಸಂಜೆ ಜಪಸರದ ಕೊನೆಗೆ ಅವರ ಹೆಸರು ಸೇರಿಸುತ್ತಿದ್ದರು. 2017ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಅಮ್ಮ ಯೆಮನ್ ಎಲ್ಲಿದೆ ಎಂದು ಕಲಿತದ್ದು ಆ ಒಂದು ಹೆಸರಿನಿಂದ. ಹೆಸರು ಹೇಳಿ ಪ್ರಾರ್ಥಿಸುವುದಕ್ಕೂ ‘ಯುದ್ಧಪೀಡಿತರಿಗಾಗಿ’ ಎನ್ನುವುದಕ್ಕೂ ಇರುವ ಅಂತರ ನನಗೆ ಈಗ ಹೊಳೆಯುತ್ತಿದೆ.

ಶನಿವಾರ ಅವರ ಮನೆಗೆ ಹೋಗುತ್ತೇನೆ.

ಸ್ಟುಟ್‌ಗಾರ್ಟ್ ಕನ್ನಡಿಗ · ಗುರುವಾರ

ಹೆಸರು ಬೇಕೆಂದರೆ ಒಂದು ಕೊಡಬಲ್ಲೆ, ಅದರಲ್ಲಿ ನಾನಿರುವ ದೇಶಕ್ಕೂ ಪಾಲಿದೆ.

2016ರ ಅಕ್ಟೋಬರ್ 8ರ ನಸುಕಿನಲ್ಲಿ ಯೆಮನ್‌ನ ಹೊದೈದಾ ಪ್ರಾಂತದ ದೈರ್ ಅಲ್-ಹಜರಿ ಎಂಬ ಹಳ್ಳಿಯ ಒಂದು ಮನೆಯ ಮೇಲೆ ಬಾಂಬು ಬಿತ್ತು. ಒಂದೇ ಕುಟುಂಬದ ಆರು ಜನ ಸತ್ತರು. ಬಸುರಿ ತಾಯಿ, ನಾಲ್ವರು ಮಕ್ಕಳು ಅವರಲ್ಲಿದ್ದರು. ಅವಶೇಷದಲ್ಲಿ ಬಾಂಬನ್ನು ವಿಮಾನಕ್ಕೆ ತೂಗುಹಾಕುವ ಲೋಹದ ಕೊಂಡಿ ಸಿಕ್ಕಿತು. ಅದರ ಮೇಲಿದ್ದ ಗುರುತು ಇಟಲಿಯ ಸಾರ್ಡಿನಿಯಾ ದ್ವೀಪದ ಡೊಮುಸ್‌ನೋವಾಸ್‌ನಲ್ಲಿ ಕಾರ್ಖಾನೆ ಇರುವ ಆರ್‌ಡಬ್ಲ್ಯುಎಂ ಇಟಾಲಿಯ ಕಂಪನಿಯದು. ಕಂಪನಿಯ ಒಡೆತನ ಜರ್ಮನಿಯ ರೈನ್‌ಮೆಟಾಲ್‌ದು. ಫಿಟ್ಟರ್ ಸರ್ ಹೇಳಿದ ಬೋಲ್ಟಿನ ಕಾಗದವನ್ನು ಹಿಡಿದು ಬಾಗಿಲಿಗೆ ಬಂದವರು ಇಲ್ಲಿದ್ದಾರೆ: ಯೆಮನ್‌ನ ಮಾನವಹಕ್ಕು ಕಾರ್ಯಕರ್ತರು ಆ ಕೊಂಡಿಯ ಸಾಕ್ಷ್ಯ ಹೊತ್ತು ಬರ್ಲಿನ್ ಮತ್ತು ಇಟಲಿಯ ಸಂಘಟನೆಗಳೊಂದಿಗೆ ಸೇರಿ 2018ರಲ್ಲಿ ರೋಮ್‌ನಲ್ಲಿ ದೂರು ಕೊಟ್ಟರು.

ಡೊಮುಸ್‌ನೋವಾಸ್ ಇರುವುದು ಗಣಿಗಳು ಮುಚ್ಚಿ ಕೆಲಸವಿಲ್ಲದ ಸೀಮೆಯಲ್ಲಿ. ಅಲ್ಲಿ ಬಾಂಬಿನ ಕಾರ್ಖಾನೆ ಎಂದರೆ ಮನೆಯ ಒಲೆ. ಆದರೂ ಆ ಊರಿನವರೇ ಕೆಲವರು ಸೇರಿ, ಕಾರ್ಖಾನೆ ಇರಲಿ, ಬೇರೇನನ್ನಾದರೂ ಮಾಡಲಿ ಎಂದು ಸಮಿತಿ ಕಟ್ಟಿದರು. ಇಟಲಿಯಲ್ಲಿ ಯುದ್ಧದಲ್ಲಿರುವ ದೇಶಗಳಿಗೆ ಶಸ್ತ್ರ ಮಾರಬಾರದೆಂಬ 1990ರ ಕಾಯ್ದೆ ಇದೆ, 185ನೆಯದು. ಅದು ಬಂದದ್ದರ ಹಿಂದೆ ಆಫ್ರಿಕಾದಿಂದ ಮರಳಿದ ಮಿಷನರಿ ಗುರುಗಳ, ಅವರ ಪತ್ರಿಕೆಗಳ ವರ್ಷಗಟ್ಟಲೆಯ ಹೋರಾಟವಿತ್ತು. 2019ರ ಮೇ ತಿಂಗಳಲ್ಲಿ ಒಂದು ಸೌದಿ ಹಡಗಿಗೆ ಸರಕು ಏರಿಸಲು ಜಿನೋವಾದ ಬಂದರು ಕಾರ್ಮಿಕರು ನಿರಾಕರಿಸಿದರು. ಅದಕ್ಕೆ ಮುಂಚೆ ಫ್ರಾನ್ಸಿನ ಲ ಆವ್ರ್‌ನಲ್ಲಿ ಅದೇ ಹಡಗಿನ ವಿರುದ್ಧ ಕ್ರೈಸ್ತ ಸಂಘಟನೆಯೊಂದು ಕೋರ್ಟಿಗೆ ಹೋಯಿತು. ಕೋರ್ಟು ಅವರ ಮಾತು ಒಪ್ಪಲಿಲ್ಲ, ಆದರೂ ಹಡಗು ಶಸ್ತ್ರ ತುಂಬಿಕೊಳ್ಳದೆ ಹೊರಟುಹೋಯಿತು. ಇಟಲಿ ಸರಕಾರ ಅದೇ ವರ್ಷ ಬಾಂಬುಗಳ ರಫ್ತು ತಡೆದು, 2021ರ ಜನವರಿಯಲ್ಲಿ ಪರವಾನಗಿಗಳನ್ನೇ ರದ್ದುಮಾಡಿತು. ಆಮೇಲೆ ಬಂದ ಬೇರೆ ಸರಕಾರ 2023ರಲ್ಲಿ ನಿರ್ಬಂಧ ತೆಗೆಯಿತು. ತಡೆಯಿದ್ದ ಆ ವರ್ಷಗಳಲ್ಲಿ ಡೊಮುಸ್‌ನೋವಾಸ್‌ನ ಎಷ್ಟೋ ಗುತ್ತಿಗೆ ಕಾರ್ಮಿಕರು ಕೆಲಸ ಕಳೆದುಕೊಂಡರು. ಅವರಿಗೆ ಬೇರೆ ಕೆಲಸ ಹುಡುಕಿಕೊಡದೆ ಬರೀ ಕಾರ್ಖಾನೆ ಮುಚ್ಚಿ ಎನ್ನುವ ಚರ್ಚು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೈಸೂರು ಓದುಗ · ಗುರುವಾರ ರಾತ್ರಿ

ಕೇಳಿದ್ದಕ್ಕಿಂತ ಹೆಚ್ಚು ಉತ್ತರ ಸಿಕ್ಕಿತು. ಸೋತ ಮೊಕದ್ದಮೆಗಳನ್ನೂ ಮುಚ್ಚಿಡದೆ ಹೇಳಿದ್ದಕ್ಕೆ ಅಯ್ಯನವರಿಗೆ ಋಣಿ. ಮೇಡಂ, ಶನಿವಾರ ಏನಾಯಿತೆಂದು ತಿಳಿಸಿ.

ನೇತ್ರಾವತಿ ತೀರ · ಶನಿವಾರ ತಡರಾತ್ರಿ

ಹೋಗಿ ಬಂದೆ. ಮೂರು ಗಂಟೆ ಕುಳಿತಿದ್ದೆ.

ಅವರು ನಿವೃತ್ತರಾಗಿ ನಾಲ್ಕು ವರ್ಷವಾಯಿತು. ಪೆನ್ಸಿಲ್ ಗೆರೆಯ ಮಾತನ್ನು ನಾನು ಎತ್ತುವ ಮುಂಚೆ ಅವರೇ ಎತ್ತಿದರು. 1996ರ ಆ ಬೆಳಿಗ್ಗೆ ಅವರು ಕೆಲಸದ ಪಾಳಿಯಲ್ಲಿದ್ದರಂತೆ. ಸುತ್ತಿಗೆಯ ಗುರುತು ಬಿದ್ದ ಹಾಕ್‌ನ ಮೂಗನ್ನು ನೋಡಿ ಅಳು ಬಂತು, ಕೋಪವೂ ಬಂತು ಎಂದರು. ಎಷ್ಟು ಜನರ ಕೈಕೆಲಸ ಅದು! ಜ್ಯೂರಿಯ ತೀರ್ಪು ಬಂದ ದಿನ, ಊರಿನವರೇ ತಮ್ಮನ್ನು ತಪ್ಪಿತಸ್ಥರೆಂದು ಹೇಳಿದಂತಾಯಿತಂತೆ. ಆಮೇಲೆ ಇಗರ್ಜಿಯಲ್ಲೂ ಅದನ್ನೇ ಕೇಳಬೇಕೇ ಎಂದು 2018ರಲ್ಲಿ ಗೆರೆ ಎಳೆಯಲು ಹೇಳಿದರು. “ನೀನು ‘ನಮಗಾಗಿ’ ಎಂದು ಬರೆದಿದ್ದೆ, ನನಗೆ ಅದು ‘ಅವರಿಗಾಗಿ’ ಎಂದೇ ಕೇಳಿಸಿತು” ಎಂದರು.

ನಾನು ಫಿಟ್ಟರ್ ಅಣ್ಣ ಬರೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಬೀದರಿನ ಹುಡುಗರ ವಿಷಯ, ಮಿಗ್-21ರ ವಿಷಯ. ಬೆಂಗಳೂರಿನಲ್ಲಿ ತಮ್ಮಂಥವನೇ ಒಬ್ಬ ಅದೇ ರೆಕ್ಕೆಗೆ ರಿವೆಟ್ ಹೊಡೆದು ಅದೇ ನಿದ್ದೆ ಕಳೆದುಕೊಂಡಿದ್ದಾನೆ ಎಂದು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ದೈರ್ ಅಲ್-ಹಜರಿಯ ವಿಷಯ ಹೇಳಿದೆ. ಅದು ಯಾವ ವಿಮಾನದಿಂದ ಬಿತ್ತು ಎಂದು ಕೇಳಿದರು. ಬಾಂಬು ಸಾರ್ಡಿನಿಯಾದ್ದು ಎಂಬುದು ಗೊತ್ತು, ವಿಮಾನ ಯಾವುದೆಂದು ಗೊತ್ತಿಲ್ಲ ಎಂದೆ. “ಹಾಗಾದರೆ ನಮ್ಮದು ಎಂದು ಹೇಳಬೇಡ, ನಮ್ಮದಲ್ಲ ಎಂದೂ ಹೇಳಬೇಡ” ಎಂದರು. ಜೀವನಪೂರ್ತಿ ತಪಾಸಣೆಯ ಹಾಳೆಗೆ ಸಹಿ ಹಾಕಿದ ಮನುಷ್ಯ, ದೇವರ ಮುಂದೆಯೂ ಖಚಿತವಲ್ಲದ್ದನ್ನು ಹೇಳಲು ಬಿಡುವುದಿಲ್ಲ.

ಇಬ್ಬರೂ ಕುಳಿತು ಬರೆದ ಸಾಲು ಇದು, ಕನ್ನಡದಲ್ಲಿ ಕೊಡುತ್ತಿದ್ದೇನೆ:

“2016ರ ಅಕ್ಟೋಬರ್ 8ರಂದು ದೈರ್ ಅಲ್-ಹಜರಿಯಲ್ಲಿ ಮಲಗಿದ್ದಲ್ಲೇ ಸತ್ತ ಒಂದೇ ಮನೆಯ ಆರು ಜನರಿಗಾಗಿ, ಸಾದಾದಲ್ಲಿ ಸತ್ತ ಬಂದಿಗಳಿಗಾಗಿ, ಅಬುಧಾಬಿಯಲ್ಲಿ ಸತ್ತ ಮೂವರು ಕಾರ್ಮಿಕರಿಗಾಗಿ, ಈ ನದಿಯ ದಡದಲ್ಲಿ ಯುದ್ಧವಿಮಾನ ಕಟ್ಟಿ ಮಕ್ಕಳನ್ನು ಸಾಕಿದ ನಮಗಾಗಿ, ಅವುಗಳನ್ನು ಯುದ್ಧದ ನಡುವೆ ಮಾರಲು ಸಹಿ ಹಾಕುವವರ ಕೈ ತಡೆಯಲೆಂದು ಪ್ರಾರ್ಥಿಸೋಣ.”

‘ಮಕ್ಕಳನ್ನು ಸಾಕಿದ’ ಎಂಬುದು ಅವರು ಸೇರಿಸಿದ್ದು. ‘ಕೈ ತಡೆಯಲೆಂದು’ ನನ್ನದು. ಅದರ ಬಗ್ಗೆ ಅರ್ಧ ಗಂಟೆ ವಾದವಾಯಿತು, ಅವರಿಗೆ ಈಗಲೂ ಪೂರ್ತಿ ಒಪ್ಪಿಗೆಯಿಲ್ಲ. ತುರ್ಕಿಯ ಒಪ್ಪಂದ ಹೋದರೆ ಅವರ ಅಳಿಯನ ಕೆಲಸ ಹೋಗುತ್ತದೆ. ಆದರೆ ಈ ಸಲ ಪೆನ್ಸಿಲ್ ತೆಗೆಯುವುದಿಲ್ಲ ಎಂದಿದ್ದಾರೆ.

ಹಳೆಯ ಫಿಟ್ಟರ್ · ಭಾನುವಾರ ಬೆಳಿಗ್ಗೆ

ತಂಗೀ, ಅವರ ಅಳಿಯನಿಗಾಗಿ ನಾನು ಇವತ್ತು ಪ್ರಾರ್ಥಿಸುತ್ತೇನೆ ಎಂದು ಹೇಳು. ಆ ಸಾಲನ್ನು ಇಲ್ಲಿ ಓದಲು ನಮ್ಮ ಸಭೆಯ ಅಯ್ಯನವರನ್ನು ಕೇಳಲಿದ್ದೇನೆ. ‘ಈ ನದಿಯ ದಡದಲ್ಲಿ’ ಎಂಬ ಕಡೆ ನಮ್ಮ ಊರಿನ ಹೆಸರು ಹಾಕುತ್ತೇನೆ. ಒಪ್ಪುತ್ತಾರೋ ಇಲ್ಲವೋ ನೋಡೋಣ. ನಮ್ಮ ಸಭೆಯಲ್ಲೂ ಅರ್ಧ ಜನ ಕಾರ್ಖಾನೆಯವರೇ.

ನೇತ್ರಾವತಿ ತೀರ · ಭಾನುವಾರ ಮಧ್ಯಾಹ್ನ

ಹೇಳುತ್ತೇನೆ ಅಣ್ಣಾ. ಜಿಝಾನ್ ತಮ್ಮಾ, ಒಂದು ಸಹಾಯ ಬೇಕು. ಮುಂದಿನ ಭಾನುವಾರ ಆ ಹಳ್ಳಿಯ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಬೇಕು. ಹೇಗೆ ಹೇಳಬೇಕು?

ಸುರತ್ಕಲ್–ಜಿಝಾನ್ · ಭಾನುವಾರ ರಾತ್ರಿ

ಅಕ್ಕಾ, ‘ದೈರ್’ ಎನ್ನುವಾಗ ಐಕಾರವನ್ನು ಸ್ವಲ್ಪ ಎಳೆಯಿರಿ. ‘ಅಲ್’ ಬಿಡಿಸಿ ಹೇಳಬೇಡಿ, ಮುಂದಿನ ಪದಕ್ಕೆ ಅಂಟಿಕೊಳ್ಳಲಿ. ‘ಹಜರಿ’ಯ ಹಕಾರ ನಮ್ಮ ಹಕಾರವಲ್ಲ, ಗಂಟಲಿನ ಆಳದಿಂದ ಬರಬೇಕು, ಚಳಿಗಾಲದಲ್ಲಿ ಕನ್ನಡಕ ಒರೆಸಲು ಗಾಜಿನ ಮೇಲೆ ಉಸಿರು ಬಿಡುತ್ತೇವಲ್ಲ, ಹಾಗೆ. ಧ್ವನಿ ಮುದ್ರಿಸಿ ಕಳಿಸುತ್ತಿದ್ದೇನೆ. ನಾಲ್ಕೈದು ಸಲ ಗಟ್ಟಿಯಾಗಿ ಹೇಳಿ ನೋಡಿ.